ಕಿಟಕಿಗೆ ಅಡ್ಡ ನಿಂತ ಬೀರು

ಮಾರ್ಚ್ 4, ಸೋಮವಾರ. ಮಧ್ಯಾಹ್ನ 1.10

ಇಪ್ಪತ್ತೇಳನೆಯ ಸ್ಲೈಡ್ ಮುಗಿಸಿ ತಲೆ ಎತ್ತಿದರೆ ಕಿಟಕಿ ಇಲ್ಲ.

ಗೋಡೆಯಲ್ಲಿ ಇದೆ. ಅದರ ಮುಂದೆ ಒಂದು ಬೀರು ಬಂದು ನಿಂತಿದೆ. ಬೂದು ಬಣ್ಣ, ಆಳೆತ್ತರ, ಎರಡು ಬಾಗಿಲು. ಇಬ್ಬರು ಹೊತ್ತು ತಂದರು, ಇಟ್ಟರು, ಬೆವರು ಒರೆಸಿಕೊಂಡು ಹೋದರು. ಹಳೆಯ ಕಡತಗಳಿಗೆ ಜಾಗ ಬೇಕಂತೆ. ನಾಲ್ಕು ಮಹಡಿಯ ಈ ಲ್ಯಾಬಿನಲ್ಲಿ ಅದಕ್ಕೆ ಜಾಗ ಸಿಕ್ಕಿದ್ದು ಮೈಕ್ರೋಸ್ಕೋಪ್ ಕೋಣೆಯ ಒಂದೇ ಒಂದು ಕಿಟಕಿಗೆ ಅಡ್ಡವಾಗಿ.

ಜೊತೆಗೆ ಸುತ್ತೋಲೆ. ಗಂಟೆಗೊಮ್ಮೆ ಹತ್ತು ನಿಮಿಷದ ವಿರಾಮ ಇಂದಿನಿಂದ ರದ್ದು. ಊಟಕ್ಕೆ ಅರ್ಧ ಗಂಟೆ, ಅಷ್ಟೇ. ಒಬ್ಬರಿಗೆ ದಿನಕ್ಕೆ ಐವತ್ತು ಸ್ಲೈಡ್ ಇದ್ದದ್ದು ಎಪ್ಪತ್ತು. "ನಿರಂತರ ಹರಿವು" ಎಂಬ ಮಾತು ಎರಡು ಸಲ ಬಂದಿದೆ. ಬರೆದವರು ಒಂದು ದಿನವಾದರೂ ಮೈಕ್ರೋಸ್ಕೋಪಿನ ಕಣ್ಣುಕೊಳವೆಗೆ ಹಣೆ ಒತ್ತಿ ಕೂತಿದ್ದರೆ...

ಇಪ್ಪತ್ತೆರಡು ವರ್ಷದ ಹಿಂದಿನದು ಮರೆಯುವಂಥದ್ದೇ? ಇವರಿಗೆ ಗೊತ್ತಿಲ್ಲ. ನನಗೆ ನಿನ್ನೆ ನಡೆದ ಹಾಗಿದೆ. ನನ್ನ ಪಕ್ಕ ಕೂರುತ್ತಿದ್ದವಳು ಒಂದು ಸ್ಲೈಡನ್ನು 'ಸರಿ ಇದೆ' ಎಂದು ದಾಟಿಸಿದಳು. ಸರಿ ಇರಲಿಲ್ಲ. ಅದು ಶಾಲೆಯ ಟೀಚರ್ ಒಬ್ಬರದು. ಗರ್ಭಕೊರಳಿನ ಕ್ಯಾನ್ಸರ್. ಗೊತ್ತಾಗುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ಆಗ ಇಲ್ಲಿ ದೊಡ್ಡ ಡಾಕ್ಟರು ಇದ್ದರು. ಬೈಯಲಿಲ್ಲ. ಒಂದು ಸ್ಟೂಲ್ ಎಳೆದುಕೊಂಡು ಒಂದು ಇಡೀ ದಿನ ಅವಳ ಕೈಯನ್ನೇ ನೋಡುತ್ತಾ ಕೂತರು. ಮಾರನೆಯ ದಿನ ಮನೆಯಿಂದ ಹಿತ್ತಾಳೆಯ ಕೈಗಂಟೆ ತಂದರು. ಐವತ್ತು ನಿಮಿಷಕ್ಕೊಮ್ಮೆ ಗಂಟೆ. ಗಂಟೆ ಆದರೆ ಎಲ್ಲರೂ ಎದ್ದು ಕಿಟಕಿಗೆ. ಕಾಣುವುದರಲ್ಲೆಲ್ಲ ದೂರದ್ದನ್ನು ನೋಡಬೇಕು. ದೂರದ್ದು ಅಂದರೆ ದಿಬ್ಬದ ಮೇಲಿನ ನೀರಿನ ಟ್ಯಾಂಕ್.

ಅಂದಿನಿಂದ ಈ ಕೋಣೆಯಲ್ಲಿ ವಿರಾಮಕ್ಕೆ ವಿರಾಮ ಎನ್ನುವುದಿಲ್ಲ. "ಟ್ಯಾಂಕಿಗೆ ಹೋಗಿ ಬರ್ತೀನಿ" ಅನ್ನುತ್ತೇವೆ.

ಆ ಹತ್ತು ನಿಮಿಷ ಅಕ್ಷರ ನಿಷಿದ್ಧ. ಒಮ್ಮೆ ಮಡಿಲಲ್ಲಿ ಕಾದಂಬರಿ ಬಚ್ಚಿಟ್ಟುಕೊಂಡು ಓದುತ್ತಿದ್ದೆ. ಡಾಕ್ಟರು ಕೈ ಚಾಚಿದರು, ಕೊಟ್ಟೆ. ಸಂಜೆ ವಾಪಸ್ ಕೊಡುವಾಗ ಹೇಳಿದ್ದು: "ನಲವತ್ತು ಪುಟ ಓದಿದೆ. ಚೆನ್ನಾಗಿದೆ. ಆದ್ರೆ ಇದು ವಿರಾಮ ಅಲ್ಲಮ್ಮ."

ಅರ್ಧ ಗಂಟೆ ಮುಗಿಯಿತು. ನಾಳೆ ಮ್ಯಾನೇಜರನ್ನು ಕಾಣುತ್ತೇನೆ. ಬಿಡುವುದಿಲ್ಲ.

ಮಾರ್ಚ್ 5, ಮಂಗಳವಾರ. ಸಂಜೆ 6.30, ಮನೆ

ಕಂಡೆ. ಎಂಟು ತಿಂಗಳ ಹಿಂದೆ ಬಂದ ಮನುಷ್ಯ. ಇಸ್ತ್ರಿ ಮುದುರದ ಅಂಗಿ, ಫೋನಿನಲ್ಲಿ ಯಾವಾಗಲೂ ಓಡುವ ಗಡಿಯಾರ. ನಮ್ಮ ಗುಬ್ಬಿ ಅವನಿಗೆ 'ಸ್ಟಾಪ್‌ವಾಚ್' ಎಂದು ಹೆಸರಿಟ್ಟಿದ್ದಾಳೆ. (ಗುಬ್ಬಿ ಎಂದು ಅವಳಿಗೆ ಹೆಸರಿಟ್ಟಿದ್ದು ನಾನು. ಕೂತಲ್ಲಿ ಕೂರುವುದಿಲ್ಲ, ಮಾತು ನಿಲ್ಲುವುದಿಲ್ಲ, ಇಪ್ಪತ್ತಾರು ವಯಸ್ಸು.)

"ಸರ್, ಆ ಬೀರು ಬೇರೆ ಕಡೆ ಹಾಕಿಸಿ."

"ಎಲ್ಲಿ ಹಾಕಿಸ್ಲಿ ಮೇಡಂ, ನನ್ನ ತಲೆ ಮೇಲಾ?"

"ನಿಮ್ಮ ಕೋಣೆಯಲ್ಲಿ ಎರಡು ಕಿಟಕಿ ಇದೆ."

ನಕ್ಕ. ನಗು ಚೆನ್ನಾಗಿಯೇ ಇದೆ, ಅದೇ ತೊಂದರೆ. ಕುರ್ಚಿ ತೋರಿಸಿದ. "ನೋಡಿ ಮೇಡಂ. ಮೂರು ಜನ, ದಿನಕ್ಕೆ ಒಂದೊಂದು ಗಂಟೆ ನೀರಿನ ಟ್ಯಾಂಕ್ ನೋಡ್ತಾ ನಿಲ್ತಾರೆ. ಇದನ್ನ ಮೇಲಿನವರಿಗೆ ನಾನು ಏನಂತ ಹೇಳ್ಲಿ? ಹೊರಗೆ ನಾಲ್ಕು ಸಾವಿರ ಹೆಂಗಸರು ರಿಪೋರ್ಟಿಗೆ ಕಾಯ್ತಿದಾರೆ. ಆರು ವಾರ ಆಯ್ತು. ಏನಿದೆಯೋ ಏನೋ ಅಂತ ಆರು ವಾರ. ಅವರ ಸಂಕಟಕ್ಕೆ ನಿಮ್ಮ ಹತ್ತಿರ ಗಂಟೆ ಇಲ್ವಾ?"

ಟೀಚರ್ ಕಥೆ ಹೇಳಿದೆ. ಇಪ್ಪತ್ತೆರಡು ವರ್ಷದ ಹಿಂದಿನ ಮೈಕ್ರೋಸ್ಕೋಪ್ ಬೇರೆ, ಈಗಿನದು ಬೇರೆ ಅಂದ. ಕಣ್ಣು ಅದೇ ಅಂದೆ.

ಆಮೇಲೆ ಧ್ವನಿ ತಗ್ಗಿಸಿ, ಮಗನ ಹಾಗೆ: "ನಿಮಗೆ ಸುಸ್ತು ಅಂದ್ರೆ ಹೇಳಿ ಮೇಡಂ. ವಯಸ್ಸಾಯ್ತು. ನಿಮಗೊಬ್ಬರಿಗೆ ಟಾರ್ಗೆಟ್ ಕಮ್ಮಿ ಮಾಡ್ತೀನಿ."

ಎದ್ದು ಬಂದೆ.

ಮಾರ್ಚ್ 7, ಗುರುವಾರ. ಮಧ್ಯಾಹ್ನ

ತೀರ್ಮಾನ ಮಾಡಿದೆ. ಕೆಲಸಗಳ್ಳಿ ವಿರಾಮ ಕೇಳುತ್ತಾಳೆ ಎಂದು ಯಾರೂ ಹೇಳಬಾರದು. ಮೊದಲು ಎಪ್ಪತ್ತು ಮಾಡಿ ತೋರಿಸುತ್ತೇನೆ. ಆಮೇಲೆ, ತುತ್ತತುದಿಯಲ್ಲಿ ನಿಂತು ಕೇಳುತ್ತೇನೆ. ಆಗ ಏನು ಹೇಳುತ್ತಾನೋ ನೋಡೋಣ.

ಇಪ್ಪತ್ತೆಂಟು ವರ್ಷ. ಒಂದು ಸ್ಲೈಡೂ ತಪ್ಪಿಲ್ಲ. ಗೋಡೆಯ ಮೇಲೆ ಚೌಕಟ್ಟು ಹಾಕಿದ ಸರ್ಟಿಫಿಕೇಟ್ ಸುಮ್ಮನೆ ತೂಗುತ್ತಿಲ್ಲ.

ಮಾರ್ಚ್ 9, ಶನಿವಾರ

71. ದಿನದ ಲೆಕ್ಕ ಬರೆಯುವ ಹೊರಗಿನ ಬೋರ್ಡಿನಲ್ಲಿ ನನ್ನದೇ ಮೊದಲು. ಮೂರನೆಯ ಮೇಜಿನವನು (ಮಾತೇ ಆಡದವನು, ನಮಗೆ ಮೌನಿ) 62, ಗುಬ್ಬಿ 55.

ಮಾರ್ಚ್ 12, ಮಂಗಳವಾರ

72.

ಮಾರ್ಚ್ 21, ಗುರುವಾರ. ಸಂಜೆ 7

ಒಂಬತ್ತು ದಿನ ಬರೆದಿಲ್ಲ. ಊಟದ ಅರ್ಧ ಗಂಟೆ ಕಣ್ಣು ಮುಚ್ಚಿ ಕೂರುತ್ತೇನೆ. ಮನೆಗೆ ಬಂದು ಪುಸ್ತಕ ತೆರೆದರೆ ಅಕ್ಷರ ಜಾರುತ್ತವೆ. ನೂರ ಹನ್ನೆರಡನೆಯ ಪುಟದಲ್ಲೇ ಇದ್ದೇನೆ, ಎರಡು ವಾರದಿಂದ. ಬಚ್ಚಲಿನ ಟೈಲ್ಸ್ ಮೇಲೂ ಸಾಲು ಸಾಲಾಗಿ ಕೋಶ ಹುಡುಕುತ್ತಿರುತ್ತೇನೆ.

ಇವತ್ತು ಬರೆಯಲೇಬೇಕು.

ಬೆಳಿಗ್ಗೆ ಸ್ಟಾಪ್‌ವಾಚ್ ಕೋಣೆಗೆ ಬಂದ. ಗುಬ್ಬಿಯ ಮೇಜಿನ ಹತ್ತಿರ ನಿಂತು, ನನ್ನ ಕಡೆ ಕೈ ತೋರಿಸಿ, ಎಲ್ಲರಿಗೂ ಕೇಳುವ ಹಾಗೆ: "ಇವರಿಗೆ ಐವತ್ತಾರು. ಎಪ್ಪತ್ತೆರಡು ಮಾಡ್ತಾರೆ. ನಿಮಗೆ ಇಪ್ಪತ್ತಾರು. ನೀವೇ ಹೇಳಿ ನಾನೇನು ತಿಳ್ಕೊಳ್ಳಲಿ."

ಮಧ್ಯಾಹ್ನ ವಾಶ್‌ರೂಮಿನಲ್ಲಿ ಗುಬ್ಬಿ. ಮುಖ ತೊಳೆಯುತ್ತಿದ್ದಳು. ತೊಳೆದಷ್ಟೂ ಒದ್ದೆಯೇ ಆಗುತ್ತಿತ್ತು, ನೀರಿನಿಂದಲ್ಲ.

"ಅಕ್ಕಾ, ದಯವಿಟ್ಟು ಸ್ವಲ್ಪ ನಿಧಾನ ಮಾಡಿ. ನೀವು ಓಡ್ತಿದ್ರೆ ನಮಗೆ ಉಸಿರು ಕಟ್ತಿದೆ."

"ನಿಮಗೋಸ್ಕರವೇ ಕಣೇ ನಾನು ಮಾಡ್ತಿರೋದು."

"ನಮಗೋಸ್ಕರ ಆದ್ರೆ ಬೇಡ ಅಕ್ಕಾ."

ಸಂಜೆ ಮನೆಯಲ್ಲಿ ಇವರಿಗೆ, ನಮ್ಮ ಯಜಮಾನರಿಗೆ, ಹೇಳಿದೆ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಟೈಮ್ ಕೀಪರ್ ಆಗಿರುವ ಮನುಷ್ಯ. ಯಾವುದಕ್ಕೂ ಕಣ್ಣರಳಿಸುವುದಿಲ್ಲ. ಸಾಕ್ಸ್ ಮಡಚುತ್ತಾ ಹೇಳಿದರು: "ನಮ್ಮಲ್ಲಿ ಐದು ಗಂಟೆ ಆದ್ಮೇಲೆ ಡ್ರೈವರ್ ಸ್ಟೀರಿಂಗ್ ಬಿಡಲೇಬೇಕು. ನನಗೇನೂ ಸುಸ್ತಿಲ್ಲ ಅಂತಾನಲ್ಲ, ಅವನನ್ನೇ ಮೊದಲು ಇಳಿಸ್ತೀವಿ."

"ಅದ್ಯಾಕೆ?"

"ನಿಜವಾಗಿ ಸುಸ್ತಾದೋನಿಗೆ ಅದು ಗೊತ್ತಾಗಲ್ಲ ಕಣೇ. ಗೊತ್ತಾಗೋದೂ ಸುಸ್ತಾಗಿರುತ್ತೆ."

ನನಗೆ ಸುಸ್ತಿಲ್ಲ ಎಂದು ಬಾಯಿ ತೆರೆದವಳು ಮುಚ್ಚಿಕೊಂಡೆ.

ಮಾರ್ಚ್ 25, ಸೋಮವಾರ. ಸಂಜೆ 5.50, ಲ್ಯಾಬ್

ನಡೆದದ್ದು ನಡೆದ ಹಾಗೆ.

ನಾಲ್ಕು ಗಂಟೆಗೆ ಡಾಕ್ಟರಮ್ಮ ಕರೆಸಿದರು, ದೊಡ್ಡ ಡಾಕ್ಟರ ಜಾಗಕ್ಕೆ ಬಂದವರು. ನಾವು 'ಸರಿ ಇದೆ' ಎಂದು ದಾಟಿಸಿದ ಸ್ಲೈಡುಗಳಲ್ಲಿ ಹತ್ತಕ್ಕೆ ಒಂದನ್ನು ಅವರು ಮತ್ತೆ ನೋಡುತ್ತಾರೆ, ನಿಯಮ. ಇಬ್ಬರು ಒಟ್ಟಿಗೆ ನೋಡುವ ಮೈಕ್ರೋಸ್ಕೋಪಿನ ಎದುರು ಕೂರಿಸಿದರು. "ನೋಡಿ."

ನೋಡಿದೆ. ಎರಡು ಸೆಕೆಂಡು ಸಾಕಾಯಿತು. ರೋಗದ ಕೋಶಗಳು, ಕಪ್ಪು ಕಪ್ಪು ದೊಡ್ಡ ಬೀಜದವು, ಒಂದು ಗುಂಪಾಗಿ. ಕಷ್ಟದ ಸ್ಲೈಡೇ ಅಲ್ಲ. ಕಲಿಯಲು ಬಂದ ಮೊದಲ ತಿಂಗಳು ತೋರಿಸುವಂಥದ್ದು.

"ಯಾರು ಇದನ್ನ ದಾಟಿಸಿದ್ದು?" ಅಂದೆ. ಗಂಟಲು ಏರಿತ್ತು. ಗುಬ್ಬಿಯೇ ಇರಬೇಕು ಅಂದುಕೊಂಡೆ. ಹೇಳಬೇಕಾದ ನಾಲ್ಕು ಮಾತು ಬಾಯಲ್ಲಿ ಸಿದ್ಧವಾಗಿದ್ದವು.

ಡಾಕ್ಟರಮ್ಮ ಚೀಟಿ ತಿರುಗಿಸಿ ನನ್ನ ಕಡೆ ಇಟ್ಟರು.

ನನ್ನ ಸಹಿ. ಮಾರ್ಚ್ 14. ಸಮಯ 12.40.

ಹೇಗೆ ತಪ್ಪಿತು ಎಂದು ನನಗೆ ಗೊತ್ತು. ನಾವು ಸ್ಲೈಡನ್ನು ಪುಟದ ಹಾಗೆ ಓದುತ್ತೇವೆ. ಒಂದು ಸಾಲು ಎಡದಿಂದ ಬಲಕ್ಕೆ, ತಿರುಪು ಒಂದು ಚೂರು ತಿರುಗಿಸಿ ಮುಂದಿನ ಸಾಲು ಬಲದಿಂದ ಎಡಕ್ಕೆ. ಕೈ ದಣಿದರೆ ತಿರುಪು ಎರಡು ಚೂರು ತಿರುಗುತ್ತದೆ. ನಡುವಿನ ಸಾಲು ಹೋಯಿತು. ಪುಸ್ತಕದಲ್ಲಿ ಒಂದು ಸಾಲು ಹಾರಿದರೆ ಅರ್ಥ ಮುರಿದು ತಕ್ಷಣ ಗೊತ್ತಾಗುತ್ತದೆ. ಸ್ಲೈಡಿನಲ್ಲಿ ಹಾರಿದ ಸಾಲು ದೂರು ಹೇಳುವುದಿಲ್ಲ. ದೊಡ್ಡ ಡಾಕ್ಟರು ಒಂದು ದಿನವೆಲ್ಲ ಕೂತು ನೋಡಿದ್ದು ಇದನ್ನೇ.

ಆ ಹೆಂಗಸಿಗೆ ಮೂವತ್ತಾರು. ಕಾಲ ಮಿಂಚಿಲ್ಲ, ಚಿಕಿತ್ಸೆಯಿಂದ ಪೂರ್ತಿ ಸರಿಹೋಗುವ ಹಂತ. ಡಾಕ್ಟರಮ್ಮ ತಾವೇ ಫೋನ್ ಮಾಡಿ ಕರೆಸಿದ್ದಾರೆ.

"ಇದು ಹತ್ತನೆಯದಾಗಿ ನನ್ನ ಕೈಗೆ ಬಂತು," ಅಂದರು. "ಬಾರದೇ ಇದ್ದ ಒಂಬತ್ತರಲ್ಲಿ ಏನಿದೆಯೋ."

ಅದೇ. ಅದೊಂದೇ ಈಗ ತಲೆಯಲ್ಲಿ ಸುತ್ತುತ್ತಿದೆ. ಮೂರು ವಾರ, ಮೂವರು, ಮೂರು ಸಾವಿರದ ಮೇಲೆ ಸ್ಲೈಡು. ಅಷ್ಟು ಜನ 'ಸರಿ ಇದೆ' ಎಂಬ ಕಾಗದ ಮಡಚಿ ಇಟ್ಟುಕೊಂಡು ನೆಮ್ಮದಿಯಾಗಿ ಓಡಾಡುತ್ತಿದ್ದಾರೆ. ಅದರಲ್ಲಿ ಎಷ್ಟು ಕಾಗದ ಸುಳ್ಳು?

ಇಬ್ಬರೂ ಸ್ಟಾಪ್‌ವಾಚ್ ಬಳಿ ಹೋದೆವು. ಎಲ್ಲವನ್ನೂ ಮತ್ತೆ ನೋಡಬೇಕು ಅಂದೆ.

"ಸಾವಿರಕ್ಕೆ ಒಂದೆರಡು ಎಲ್ಲಾ ಕಡೆ ತಪ್ಪುತ್ತೆ ಮೇಡಂ. ಒಂದಕ್ಕೋಸ್ಕರ ಮೂರು ಸಾವಿರ ಅಂದ್ರೆ... ಹೊಸದನ್ನ ಯಾರು ನೋಡ್ತಾರೆ?" ಆಮೇಲೆ, ನನ್ನನ್ನು ನೋಡದೆ: "ನೀವು ಎಪ್ಪತ್ತೆರಡು ಮಾಡದೇ ಇದ್ದಿದ್ರೆ ನಾನು ಎರಡನೇ ವಾರಕ್ಕೇ ಕೈಬಿಡ್ತಿದ್ದೆ. ಆಗಲ್ಲ ಅಂತ ಅಂದ್ಕೊಂಡಿದ್ದೆ. ಆಗುತ್ತೆ ಅಂತ ತೋರಿಸಿದ್ದು ನೀವು."

ಅವನ ಮೇಲೆ ಸಿಟ್ಟು ಮಾಡಲು ಹೊರಟೆ. ಅರ್ಧ ದಾರಿಯಲ್ಲಿ ಆ ಸಿಟ್ಟು ಹಿಂದಿರುಗಿ ನನ್ನ ಮೇಲೇ ಬಂತು.

ಮಾರ್ಚ್ 27, ಬುಧವಾರ. ಬೆಳಿಗ್ಗೆ 6

ಮೇಲಿನ ಕಚೇರಿಗೆ ಪತ್ರ. ಐದು ಸಲ ಹರಿದೆ.

ಪತ್ರ ಬರೆಯುವುದು ನನಗೆ ಹೊಸದಲ್ಲ. ಪತ್ರಿಕೆಗಳ ಓದುಗರ ವಿಭಾಗದಲ್ಲಿ ಅಚ್ಚಾದವೇ ನಲವತ್ತೊಂದು. ಬೀದಿದೀಪ, ಭಾನುವಾರ ಮುಚ್ಚುವ ಲೈಬ್ರರಿ, ಪಾದಚಾರಿ ಮಾರ್ಗದ ಮೇಲೆ ನಿಲ್ಲುವ ಕಾರು. ದಿಬ್ಬದ ಟ್ಯಾಂಕಿಗೆ ತುಕ್ಕು ಹಿಡಿದಿದೆ ಎಂದೇ ಮೂರು. ಬಣ್ಣ ಹೊಡೆಸುತ್ತೇವೆ ಎಂದು ಹನ್ನೊಂದು ವರ್ಷದ ಹಿಂದೆ ಕೊಟ್ಟ ಭರವಸೆಯ ತುಣುಕು ಇನ್ನೂ ಕಡತದಲ್ಲಿದೆ. ನಿನ್ನೆ ಎಲ್ಲ ತೆಗೆದು ನೋಡಿದೆ. ನಲವತ್ತೊಂದು ಪತ್ರದಲ್ಲೂ ತಪ್ಪು ಮಾಡಿದವರು 'ಅವರು'. ಅವರು ಗಮನಿಸಲಿಲ್ಲ, ಅವರು ನಿರ್ಲಕ್ಷಿಸಿದರು, ಅವರು ಉತ್ತರಿಸಬೇಕು.

ಇದರ ಮೊದಲ ವಾಕ್ಯ 'ನಾನು' ಎಂದು ಶುರುವಾಗಬೇಕು. ಕೈ ಅಲ್ಲೇ ನಿಲ್ಲುತ್ತಿತ್ತು.

ಬರೆದೆ. ನಾನು ಮಾರ್ಚ್ 14ರಂದು ಒಂದು ರೋಗದ ಸ್ಲೈಡನ್ನು ಸರಿ ಇದೆ ಎಂದು ದಾಟಿಸಿದ್ದೇನೆ. ಮಾರ್ಚ್ 4ರಿಂದ 23ರವರೆಗೆ ಈ ಕೋಣೆಯಲ್ಲಿ ಓದಿದ ಎಲ್ಲ ಸ್ಲೈಡುಗಳನ್ನು ಮತ್ತೆ ಓದಬೇಕು. ಗಂಟೆಗೊಮ್ಮೆ ವಿರಾಮ ಕೊಟ್ಟು ಓದಬೇಕು.

ಇವರು ಚಹಾ ಹಿಡಿದುಕೊಂಡೇ ಓದಿದರು. "ಟೈಮ್ ಎಲ್ಲಿ?"

"ಯಾವ ಟೈಮು?"

"ತಪ್ಪಿನ ಟೈಮು ಹಾಕೇ. 12.40 ಅಂತ. ಒಂಬತ್ತಕ್ಕೆ ಕೂತೋಳು ಏಳದೆ 12.40. ನಮ್ಮಲ್ಲಿ ಬಸ್ ಗುದ್ದಿದ್ರೆ ಮೊದಲು ಅದನ್ನೇ ಕೇಳೋದು, ಸ್ಟೀರಿಂಗ್ ಹಿಡಿದು ಎಷ್ಟು ಹೊತ್ತಾಗಿತ್ತು ಅಂತ. ಸುಸ್ತಾಗಿತ್ತು ಅಂದ್ರೆ ನೆಪ ಅಂತಾರೆ. ಟೈಮಿಗೆ ಯಾರೂ ಎದುರು ಮಾತಾಡಲ್ಲ."

ಹಾಕಿದೆ. ಪ್ರತಿ ಸ್ಲೈಡಿಗೂ ದಾಖಲಾದ ಸಮಯ ಇದೆ, ಎಲ್ಲ ತಪ್ಪುಗಳ ಗಂಟೆಯನ್ನೂ ಹುಡುಕಿ ಎಂದೂ ಸೇರಿಸಿದೆ.

"ನಿವೃತ್ತಿಗೆ ಇಪ್ಪತ್ತೊಂದು ತಿಂಗಳಿದೆ," ಅಂದರು ಇವರು. ಸುಮ್ಮನೆ ಹೇಳಿದ್ದು. ಬೇಡ ಎನ್ನಲಿಲ್ಲ.

"ಗೊತ್ತು. ಲೈಸೆನ್ಸ್ ತಗೊಂಡು ಮನೆಗೆ ಕಳಿಸಬಹುದು."

"ಕಳಿಸಿದ್ರೆ ನೂರ ಹನ್ನೆರಡನೇ ಪುಟ ಮುಗಿಸು."

ಅದೇ ದಿನ, ಮಧ್ಯಾಹ್ನ

ಒಬ್ಬಳೇ ಸಹಿ ಹಾಕುವುದೆಂದು ಇದ್ದೆ. ಗುಬ್ಬಿ ಕಸಿದುಕೊಂಡು ಓದಿ, ಕೇಳದೇ ಸಹಿ ಹಾಕಿದಳು. "ನನ್ನದೂ ಎಷ್ಟು ತಪ್ಪಿದೆಯೋ ಯಾರಿಗೆ ಗೊತ್ತು ಅಕ್ಕಾ." ಮೂರನೆಯ ಮೇಜಿನ ಮೌನಿ ಎದ್ದು ಬಂದ. ಹದಿನೈದು ವರ್ಷದಿಂದ ಜೊತೆಗಿದ್ದಾನೆ, ವರ್ಷಕ್ಕೆ ಹದಿನೈದು ವಾಕ್ಯ ಮೀರಿಲ್ಲ. ಪೆನ್ನು ತೆಗೆದುಕೊಂಡು ಮೂರಂಗುಲ ಉದ್ದದ ಸಹಿ ಹಾಕಿ, ಹೋಗಿ ಕೂತ.

ಎರಡು ಗಂಟೆಗೆ ರಿಜಿಸ್ಟರ್ಡ್ ಪೋಸ್ಟ್. ಒಂದು ನಕಲು ಸ್ಟಾಪ್‌ವಾಚ್ ಮೇಜಿನ ಮೇಲೆ, ಕೈಯಾರೆ.

ಏಪ್ರಿಲ್ 4, ಗುರುವಾರ. ಮಧ್ಯಾಹ್ನ 1.15

ಎಂಟು ದಿನ ಉಸಿರು ಬಿಗಿಹಿಡಿದು ಕೆಲಸ. ಬರೆಯಲು ಏನೂ ಇರಲಿಲ್ಲ. ದಿನಕ್ಕೆ ನಲವತ್ತೆಂಟೇ ಮಾಡಿದೆ, ಬೋರ್ಡಿನಲ್ಲಿ ಕೊನೆಯ ಹೆಸರು.

ಮೇಲಿನ ಕಚೇರಿಯ ಅಧಿಕಾರಿ ನಿನ್ನೆ ಬಂದಿದ್ದರು. ಕನ್ನಡಕದ ಮೇಲಿನಿಂದ ನೋಡುವ ಹೆಂಗಸು. ನನ್ನ ಮೈಕ್ರೋಸ್ಕೋಪಿಗೆ ತಾವೇ ಕೂತರು, ಹದಿನೈದು ನಿಮಿಷ. ಎದ್ದು ಕುತ್ತಿಗೆ ಹಿಡಿದುಕೊಂಡರು. ಇವತ್ತು ಆದೇಶ:

ಮೂರು ಸಾವಿರದ ಮುನ್ನೂರ ಎಂಬತ್ತನಾಲ್ಕು ಸ್ಲೈಡ್, ಎಲ್ಲವೂ ಮತ್ತೆ. ಹೊಸವು ಒಂದು ತಿಂಗಳು ಬೇರೆ ಲ್ಯಾಬಿಗೆ. ಒಬ್ಬರದನ್ನು ಇನ್ನೊಬ್ಬರು ನೋಡಬೇಕು. ದಿನಕ್ಕೆ ಐವತ್ತು ಮೀರಬಾರದು. ಐವತ್ತು ನಿಮಿಷಕ್ಕೆ ಹತ್ತು ನಿಮಿಷ.

ನನ್ನ ಬಗ್ಗೆ: ವಿಚಾರಣೆ ಮುಗಿಯುವವರೆಗೆ ನಾನು ನೋಡಿದ ಪ್ರತಿ ಸ್ಲೈಡಿಗೂ ಡಾಕ್ಟರಮ್ಮನ ಸಹಿ ಬೇಕು. ಮೊದಲ ವರ್ಷದವಳ ಹಾಗೆ. ಆಗಲಿ.

ಸರ್ಟಿಫಿಕೇಟನ್ನು ಗೋಡೆಯಿಂದ ನಾನೇ ಇಳಿಸಿದೆ. ಅಲ್ಲಿ ಈಗ ಬಿಳಿ ಚೌಕ.

ಬೀರಿನ ಬಗ್ಗೆ ಆದೇಶದಲ್ಲಿ ಒಂದಕ್ಷರ ಇಲ್ಲ. ನಲವತ್ತೊಂದು ಪತ್ರ ಬರೆದ ಅನುಭವಸ್ಥೆ ಬೀರಿನ ವಿಷಯ ಬರೆಯುವುದನ್ನೇ ಮರೆತಿದ್ದೇನೆ.

ಏಪ್ರಿಲ್ 12, ಶುಕ್ರವಾರ. ಮಧ್ಯಾಹ್ನ

ಗಂಟೆ ಆಗುತ್ತದೆ, ಎದ್ದು ನಿಲ್ಲುತ್ತೇವೆ, ಬೀರಿನ ಬಾಗಿಲು ನೋಡುತ್ತೇವೆ. ಹೋದ ಶುಕ್ರವಾರ ಹೀಗೇ ನಿಂತಿದ್ದಾಗ ಮೌನಿ ಹೋಗಿ ಬೀರಿಗೆ ಹೆಗಲು ಕೊಟ್ಟ. ಒಂದು ಗೇಣು ಸರಿಯಿತು. ವಾಪಸ್ ಬಂದು ಕೂತ. ಮಾರನೆಯ ದಿನ ಇನ್ನೊಂದು ಗೇಣು. ಗುಬ್ಬಿ ನೆಲದ ಮೇಲೆ ಪೆನ್ಸಿಲ್ ಗೆರೆ ಎಳೆದು ತಾರೀಖು ಹಾಕುತ್ತಿದ್ದಾಳೆ.

ಇವತ್ತು ಏಳನೆಯ ಗೇಣು. ಟ್ಯಾಂಕ್ ಕಂಡಿತು. ತುಕ್ಕು ಮೊದಲಿಗಿಂತ ಹೆಚ್ಚಾಗಿದೆ. ಕಣ್ಣಿನ ಹಿಂದೆ ಏನೋ ಒಂದು ಬಿಗಿದ ಗಂಟು ತಾನಾಗಿ ಸಡಿಲವಾಯಿತು.

ಆಗಲೇ ಸ್ಟಾಪ್‌ವಾಚ್ ಒಳಗೆ ಬಂದ. ಬೀರು ನೋಡಿದ, ಗೋಡೆ ನೋಡಿದ.

"ಈ ಬೀರು ಇಲ್ಲೇ ಇತ್ತಾ?"

ಉತ್ತರ ಕೊಟ್ಟದ್ದು ಮೌನಿ: "ಬೀರು ಎಲ್ಲೂ ಹೋಗಿಲ್ಲ ಸರ್."

ನೆಲದ ಮೇಲಿನ ಏಳು ಗೆರೆಗಳನ್ನು ನೋಡಿದ. ತಾರೀಖು ಓದಿದ. ಆಮೇಲೆ ಕಿಟಕಿಯ ಹತ್ತಿರ ಹೋಗಿ ನಿಂತ. ಫೋನ್ ತೆಗೆಯಲಿಲ್ಲ.

"ಅದೇನಾ ನಿಮ್ಮ ಟ್ಯಾಂಕು?"

"ಅದೇ."

"ಬಣ್ಣ ಹೊಡೆಸಬಾರದಾ."

"ಹನ್ನೊಂದು ವರ್ಷದಿಂದ ಅದನ್ನೇ ಹೇಳ್ತಿದೀನಿ ಸರ್."

ಮೇ 3, ಶುಕ್ರವಾರ. ಸಂಜೆ 6

ಮುಗಿಯಿತು. ಎಲ್ಲವೂ.

ತಪ್ಪಿದ್ದು ಒಂಬತ್ತು. ಮಾರ್ಚ್‌ನಲ್ಲಿ ಸಿಕ್ಕಿದ್ದೂ ಸೇರಿ. ಒಂಬತ್ತು ಹೆಂಗಸರು.

ಡಾಕ್ಟರಮ್ಮ ಸಮಯಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದರು. ಕೂತ ಮೊದಲ ಗಂಟೆಯಲ್ಲಿ ತಪ್ಪಿದ್ದು ಒಂದೂ ಇಲ್ಲ. ಎರಡನೆಯ ಗಂಟೆಯಲ್ಲಿ ಒಂದು. ಮೂರನೆಯದರಲ್ಲಿ ಎರಡು. ನಾಲ್ಕನೆಯದರಲ್ಲಿ ಆರು. ಇವರಿಗೆ ತೋರಿಸಬೇಕೆಂದು ನಕಲು ಮಾಡಿಕೊಂಡೆ. ಡಿಪೋದ ಹಾಳೆಯೂ ಹೀಗೇ ಇರುತ್ತದಂತೆ.

ಇನ್ನೊಂದು ಲೆಕ್ಕವೂ ಇದೆ. ಮೌನಿ ಒಂದು. ಗುಬ್ಬಿ ಮೂರು. ನಾನು ಐದು.

ಬೋರ್ಡಿನಲ್ಲಿ ಎಲ್ಲರಿಗಿಂತ ಮೇಲಿದ್ದವಳು ಇಲ್ಲಿಯೂ ಮೇಲೆ. ಗುಬ್ಬಿ ಓದಿ ನನ್ನ ಮುಖ ನೋಡಲಿಲ್ಲ. ನನ್ನ ಊಟದ ಡಬ್ಬಿ ತೊಳೆದು ತಂದಿಟ್ಟಳು.

ಎಂಟು ಜನ ಫೋನಿಗೆ ಸಿಕ್ಕರು. ಎಲ್ಲರಿಗೂ ಚಿಕಿತ್ಸೆಗೆ ಸಮಯವಿದೆ. ಒಂಬತ್ತನೆಯವಳ ಫೋನ್ ಇಲ್ಲ, ಮನೆ ಬದಲಾಗಿದೆ. ಕಾಗದ ವಾಪಸ್ ಬಂದಿದೆ. ಮಾರ್ಚ್ 19, ಮಧ್ಯಾಹ್ನ 12.55. ನನ್ನದು.

ಅವಳನ್ನು ಹುಡುಕದೆ ಇದನ್ನು ಮುಗಿಯಿತು ಎಂದು ಬರೆದದ್ದು ತಪ್ಪು. ಮೇಲಿನ ಮೊದಲ ಸಾಲು ಹೊಡೆದುಹಾಕಬೇಕು.

ಮೇ 5, ಭಾನುವಾರ. ಸಂಜೆ

ಹಳೆಯ ವಿಳಾಸಕ್ಕೆ ಹೋದೆವು, ಡಾಕ್ಟರಮ್ಮ ಮತ್ತು ನಾನು. ಮೂರನೆಯ ಮಹಡಿ. ಈಗ ಇರುವವರಿಗೆ ಗೊತ್ತಿಲ್ಲ. ಎರಡನೆಯ ಮಹಡಿಯವರಿಗೂ ಗೊತ್ತಿಲ್ಲ. ಕೆಳಗೆ ಸೈಕಲ್ ರಿಪೇರಿಯವನು ಹೇಳಿದ, ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋಗುತ್ತಿದ್ದಳು, ದಿನಾ ಬೆಳಿಗ್ಗೆ ಏಳೂಕಾಲರ ಬಸ್ಸು.

ಮನೆಗೆ ಬಂದು ಹೇಳಿದೆ, ಇವರಿಗೆ ಅಷ್ಟು ಸಾಕಾಯಿತು. ಏಳೂಕಾಲರ ಬಸ್ ಯಾವ ಕಾರ್ಖಾನೆಯ ಮುಂದೆ ಖಾಲಿಯಾಗುತ್ತದೆಂದು ಇವರಿಗೆ ಬಾಯಿಪಾಠ. ನಾಳೆ ಡಾಕ್ಟರಮ್ಮ ಅಲ್ಲಿಗೆ.

ಮೇ 9, ಗುರುವಾರ. ಮಧ್ಯಾಹ್ನ 1.20

ಬಂದಳು.

ನಲವತ್ತೆರಡು ಇರಬಹುದು. ಬೆರಳ ತುದಿಗಳು ಗಟ್ಟಿ, ಕೊರಳಿಗೆ ಅಳತೆಯ ಟೇಪು, ತೆಗೆಯಲು ಮರೆತಿದ್ದಳು. ಡಾಕ್ಟರಮ್ಮ ಎಲ್ಲ ವಿವರಿಸಿದರು. ಚಿಕ್ಕ ಚಿಕಿತ್ಸೆ, ಒಂದೇ ದಿನ, ಗುಣವಾಗುತ್ತದೆ. ಕೇಳಿಸಿಕೊಂಡು, ಕೈಚೀಲದಿಂದ ಮಡಚಿದ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿದಳು. ನಮ್ಮ ಕಾಗದ. ಸರಿ ಇದೆ.

"ಇದನ್ನ ನೋಡಿದೋರು ಯಾರು?"

ಡಾಕ್ಟರಮ್ಮ ಏನೋ ಹೇಳಲು ಹೊರಟರು. ಬಾಗಿಲ ಬಳಿ ನಿಂತಿದ್ದವಳು ಮುಂದೆ ಬಂದೆ. "ನಾನು."

ಮೇಲಿನಿಂದ ಕೆಳಗೆ ನೋಡಿದಳು. "ನಿಮ್ಮ ಕಣ್ಣು ಸರಿ ಇದೆಯಾ?"

"ಇದೆ. ದಣಿದಿತ್ತು. ನಾಲ್ಕು ಗಂಟೆ ಏಳದೆ ನೋಡಿದ್ದೆ."

"ಯಾರಾದ್ರೂ ಕಟ್ಟಿಹಾಕಿದ್ರಾ?"

ಬೀರು, ಸುತ್ತೋಲೆ, ಎಪ್ಪತ್ತು. ಎಲ್ಲ ನಾಲಿಗೆಯ ತುದಿಗೆ ಬಂದವು. "ಏಳಬಾರದು ಅಂತ ಆದೇಶ ಇತ್ತು," ಅಂದೆ. "ಆದ್ರೆ ನಾನು ಹಟಕ್ಕೆ ಇನ್ನೂ ಎರಡು ಜಾಸ್ತಿ ಮಾಡಿದೆ."

ಕಾಗದವನ್ನು ಮತ್ತೆ ಅದೇ ಮಡಿಕೆಯಲ್ಲಿ ಮಡಚಿದಳು. ಧ್ವನಿ ಏರಲಿಲ್ಲ.

"ನಮ್ಮಲ್ಲೂ ಏಳೋಕೆ ಬಿಡಲ್ಲ. ಆದ್ರೆ ಕಣ್ಣು ಮಂಜಾದ್ರೆ ಸೂಜಿ ನಮ್ಮ ಬೆರಳಿಗೇ ಹೋಗುತ್ತೆ, ತಕ್ಷಣ ಗೊತ್ತಾಗುತ್ತೆ. ನಿಮ್ಮ ಸೂಜಿ ಇನ್ನೊಬ್ಬರ ಬೆರಳಿಗೆ ಹೋಗುತ್ತಲ್ಲ ಅಮ್ಮ. ನೀವು ಏಳಲೇಬೇಕಿತ್ತು."

"ಹೌದು," ಅಂದೆ.

ಕ್ಷಮಿಸಿ ಎಂದೂ ಅಂದೆ. ಅವಳು ಕಾಗದವನ್ನು ಕೈಚೀಲಕ್ಕೆ ಹಾಕಿಕೊಂಡು ಎದ್ದಳು. ಹೊರಡುವಾಗ ಡಾಕ್ಟರಮ್ಮನನ್ನು ಕೇಳಿದಳು, "ಮುಂದಿನ ಸಲ ಯಾರು ನೋಡ್ತಾರೆ?" ಇಬ್ಬರು ನೋಡುತ್ತೇವೆ ಅಂದರು. "ಬೆಳಿಗ್ಗೆ ಬೆಳಿಗ್ಗೇನೇ ನೋಡಿ," ಅಂದು ಹೋದಳು.

ಅವಳ ಮಾತನ್ನು ಇಲ್ಲಿ ಪೂರ್ತಿ ಬರೆದಿಟ್ಟಿದ್ದೇನೆ. ಒಂದು ಸಾಲೂ ಬಿಟ್ಟಿಲ್ಲ.

ಮೇ 13, ಸೋಮವಾರ. ಬೆಳಿಗ್ಗೆ 10.46

ಸ್ಲೈಡುಗಳ ಟ್ರೇ ತಡವಾಗಿದೆ. ಗಂಟೆಗೆ ನಾಲ್ಕು ನಿಮಿಷ ಇದೆ. ಅಷ್ಟರಲ್ಲಿ.

ವಿಚಾರಣೆಯ ತೀರ್ಪು ಬಂತು. ನನ್ನ ಸೇವಾಪುಸ್ತಕದಲ್ಲಿ ಎಚ್ಚರಿಕೆ, ಆರು ತಿಂಗಳು ಡಾಕ್ಟರಮ್ಮನ ಸಹಿ. ಸುತ್ತೋಲೆ ರದ್ದು. ಐವತ್ತು ಸ್ಲೈಡ್, ಐವತ್ತು ನಿಮಿಷ, ಹತ್ತು ನಿಮಿಷ. ಈಗ ಅದು ಯಾರ ಮನೆಯ ಗಂಟೆಯೂ ಅಲ್ಲ, ಬರೆದ ನಿಯಮ, ಎಲ್ಲ ಲ್ಯಾಬಿಗೂ. ಕಾಯುತ್ತಿರುವವರಿಗಾಗಿ ಇನ್ನಿಬ್ಬರನ್ನು ಕೊಡುತ್ತಾರಂತೆ. ಆ ಇಬ್ಬರನ್ನು ಕೇಳಿ ಬರೆದದ್ದು ಸ್ಟಾಪ್‌ವಾಚ್. ಇದನ್ನೂ ದಾಖಲಿಸಬೇಕು, ನ್ಯಾಯ.

ಬೀರು ಅವನ ಕೋಣೆಗೆ ಹೋಗಿದೆ. ಅವನಿಗೆ ಈಗ ಒಂದೇ ಕಿಟಕಿ.

ಗಂಟೆ ಗುಬ್ಬಿಯ ಮೇಜಿನ ಮೇಲಿದೆ. ನಾನೇ ಕೊಟ್ಟೆ. ನನ್ನ ಕೈಯಲ್ಲಿದ್ದರೆ ಇನ್ನೊಂದು ಸ್ಲೈಡ್, ಇನ್ನೊಂದು ಪುಟ ಎಂದು ತಡಮಾಡುತ್ತೇನೆ. ಇಪ್ಪತ್ತೆರಡು ವರ್ಷ ಆ ಹತ್ತು ನಿಮಿಷದಲ್ಲಿ ಕದ್ದು ಓದಿದವಳು ನಾನು. ವಿರಾಮದ ಪರವಾಗಿ ಕೋಣೆಯಲ್ಲೆಲ್ಲ ದೊಡ್ಡ ಗಂಟಲು ನನ್ನದೇ, ವಿರಾಮವನ್ನು ಪೂರ್ತಿ ಒಂದು ದಿನವೂ ತೆಗೆದುಕೊಂಡಿರಲಿಲ್ಲ. ಗುಬ್ಬಿ ಕಂಡುಹಿಡಿದಿದ್ದಾಳೆ. "ಬರೆಯೋದೂ ಅಕ್ಷರವೇ ಅಕ್ಕಾ," ಅಂದಳು ಮೊನ್ನೆ. ಈ ಡೈರಿಗೂ ಇನ್ನು ಆ ಹತ್ತು ನಿಮಿಷದಲ್ಲಿ ಪ್ರವೇಶವಿಲ್ಲ.

10.49. ಮೌನಿ ಆಗಲೇ ಕಿಟಕಿಯ ಹತ್ತಿರ. ಟ್ಯಾಂಕಿಗೆ ಏಣಿ ಹಾಕಿದ್ದಾರೆ ಅಂದ. ಇದು ಈ ವರ್ಷದ ಆರನೆಯ ವಾಕ್ಯ. ಯಾರೋ ಇಬ್ಬರು ಮೇಲೆ ಹತ್ತಿದ್ದಾರಂತೆ, ಬಕೆಟ್ ಹಿಡಿದುಕೊಂಡು. ಹನ್ನೊಂದು ವರ್ಷಕ್ಕೆ. ಬಣ್ಣ ಹಸಿರೋ ನೀಲಿಯೋ ಕೂತಲ್ಲಿಂದ ತಿಳಿಯುತ್ತಿಲ್ಲ.

ಗುಬ್ಬಿ ಗಂಟೆ ಎತ್ತಿಕೊಂಡಳು. ನನ್ನನ್ನೇ ನೋಡುತ್ತಿದ್ದಾಳೆ. ಇದೊಂದು ಸಾಲು ಮುಗಿಸಿಬಿಟ್ಟು